ಒಂದು ಹಲ್ಲಿನ ಸದ್ದು

ನಮ್ಮ ಅಂಗಡಿ ಅಂದರೆ ಒಂದೇ ಕೋಣೆ, ಅದರಲ್ಲಿ ಎರಡು ರಾಜ್ಯ. ಬಾಗಿಲಿನ ಎಡಕ್ಕೆ ನನ್ನದು: ಹೊಲಿಗೆ ಮಶೀನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೊರಗಿ ನಿಂತ ತಲೆಯಿಲ್ಲದ ಮರದ ಬೊಂಬೆ. ಬಲಕ್ಕೆ ನನ್ನ ಗಂಡನದು. ಅಲ್ಲಿ ಹಳೆಯ ಮೀನಿನ ರೀಲುಗಳದ್ದೇ ದರ್ಬಾರು. ಗಾಳದ ಕೋಲಿಗೆ ಕಟ್ಟಿರುತ್ತಾರಲ್ಲ, ಹಿಡಿಕೆ ತಿರುಗಿಸಿದರೆ ದಾರ ಸುತ್ತಿಕೊಳ್ಳುವ ಯಂತ್ರ, ಅದೇ. ತಾತ ಮುತ್ತಾತಂದಿರ ಕಾಲದವು, ಮಾಡಿದ ಕಂಪನಿಯೇ ಮುಚ್ಚಿಹೋದವು, ಬಿಡಿಭಾಗ ಎಲ್ಲೂ ಸಿಗದವು, ಎಲ್ಲ ಕೊನೆಗೆ ಇವರ ಮೇಜಿಗೇ ಬಂದು ಬೀಳುತ್ತವೆ. ಉಪ್ಪುನೀರು ಕುಡಿದು ಹಸಿರು ಕಿಲುಬು ಹಿಡಿದವು, ಒಳಗಿನ ಗ್ರೀಸು ಒಣಗಿ ಹಳೆಯ ಬೆಲ್ಲದ ಹಾಗೆ ಗಟ್ಟಿಯಾದವು. ಇವರು ಅವನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮಗುವಿಗೆ ಸ್ನಾನ ಮಾಡಿಸುವಷ್ಟು ನಾಜೂಕಾಗಿ ಉಜ್ಜುತ್ತಾ ಕೂರುತ್ತಾರೆ. ನಮ್ಮ ಮಕ್ಕಳಿಗೆ ಒಂದು ದಿನವೂ ಹೀಗೆ ಸ್ನಾನ ಮಾಡಿಸಿದವರಲ್ಲ, ಅದು ಬೇರೆ ಮಾತು.

ಎರಡು ರಾಜ್ಯಗಳೆಂದ ಮೇಲೆ ಗಡಿ ತಂಟೆ ಇದ್ದದ್ದೇ. ನನ್ನ ಮಶೀನಿನ ಎಣ್ಣೆ ಅವರ ರೀಲುಗಳಿಗೆ ಹೋಗುತ್ತದೆ. ನನ್ನ ಸೂಜಿಗಳು ಅವರ ಸಂದುಗೊಂದುಗಳ ಕೊಳೆ ಕೀಳಲು ಹೋಗುತ್ತವೆ. ಒಮ್ಮೆ ನನ್ನ ಹೊಸ ಕೈಚೀಲದ ಪಟ್ಟಿಯೇ ಮಾಯವಾಗಿತ್ತು. ದೊಡ್ಡ ಮೀನು ಜಗ್ಗಿದಾಗ ದಾರ ಕಿತ್ತುಹೋಗದಂತೆ ತಡೆದು ತಡೆದು ಬಿಡುವ ಚರ್ಮದ ವಾಷರ್‌ಗಳಾಗಿ ಅದು ಈಗ ಊರ ತುಂಬ ಮೀನು ಹಿಡಿಯುತ್ತಿದೆ. ಕೇಳಿದ್ದಕ್ಕೆ, "ಒಳ್ಳೇ ಚರ್ಮ ಕಣೇ, ಚೀಲದಲ್ಲಿ ಸುಮ್ನೆ ದಂಡ ಆಗ್ತಿತ್ತು" ಎಂದರು. ಒಂದು ವಾರ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತಾದದ್ದು ವಾರ ಮುಗಿದ ಮೇಲೆ.

ಊರವರು ಇವರನ್ನು ರೀಲಣ್ಣ ಎನ್ನುತ್ತಾರೆ. ಸುಳ್ಳು ಹೊಡೆಯುವವರನ್ನು ಕಂಡರೆ ರೀಲು ಬಿಡುತ್ತಾನೆ ಎನ್ನುವುದುಂಟಲ್ಲ, ಈ ರೀಲಣ್ಣನಿಗೆ ಆ ರೀಲು ಮಾತ್ರ ಬಿಡಲು ಬರುವುದಿಲ್ಲ. ಸಣ್ಣದೊಂದು ಸುಳ್ಳು ಹೇಳಬೇಕಾಗಿ ಬಂದರೂ ಕಿವಿ ಕೆಂಪಾಗುತ್ತದೆ, ಮಾತು ಗಂಟಲಲ್ಲೇ ಸುತ್ತಿಕೊಳ್ಳುತ್ತದೆ. ಹೊಸ ಅಂಗಿ ತೊಟ್ಟು ನನ್ನ ಗಿರಾಕಿ ಕನ್ನಡಿ ಮುಂದೆ ನಿಂತು "ಹೇಗಿದೆ?" ಎಂದು ಕೇಳುವಾಗ ಇವರು ಕೋಣೆಯಲ್ಲಿದ್ದರೆ ನನಗೆ ಜೀವ ಹೋಗಿ ಜೀವ ಬರುತ್ತದೆ. "ಎಡಭುಜ ಸ್ವಲ್ಪ ಜೋತಿದೆ" ಎಂದು ಅಂದೇ ಬಿಡುತ್ತಾರೆ.

ಇವರ ಕಸುಬಿಗೆ ಎರಡು ಹಠಗಳಿವೆ. ಮೊದಲನೆಯದು, ರಿಪೇರಿಯಾದ ರೀಲು ನೀರಿಗೇ ಹೋಗಬೇಕು. ಒಮ್ಮೆ ವಕೀಲರೊಬ್ಬರು ಮಾವನ ಕಾಲದ ರೀಲು ತಂದು, ಹೊಳೆಯುವಂತೆ ಪಾಲಿಶ್ ಮಾಡಿಕೊಡಿ, ಗಾಜಿನ ಕಪಾಟಿನಲ್ಲಿಡುತ್ತೇನೆ ಎಂದರು. ಇವರು ಅದನ್ನು ಹಾಗೇ ಅವರ ಕೈಗೆ ವಾಪಸಿಟ್ಟು, "ಇದಕ್ಕಿನ್ನೂ ದುಡಿಯೋ ವಯಸ್ಸು ಸಾರ್, ಈಗಲೇ ಫೋಟೋ ಮಾಡಿ ನೇತುಹಾಕ್ಬೇಡಿ" ಎಂದರು. ವಕೀಲರು ಮುಖ ಊದಿಸಿಕೊಂಡು ಮೆಟ್ಟಿಲಿಳಿದರು.

ಎರಡನೆಯ ಹಠ ಸದ್ದಿನದು. ರೀಲು ಕೆಲಸ ಮಾಡಬೇಕು, ಮಾತಾಡಬಾರದು ಎನ್ನುವುದು ಇವರ ಸಿದ್ಧಾಂತ. ಗಿಯರು ಸರಿಯಾಗಿ ಕೂತರೆ, ಹಲ್ಲಿಗೆ ಹಲ್ಲು ಒಪ್ಪಿದರೆ, ರೀಲು ತಿರುಗುವುದು ಕೈಗೆ ಗೊತ್ತಾಗಬೇಕೇ ಹೊರತು ಕಿವಿಗಲ್ಲ. ಕೆಲಸ ಮುಗಿದ ಮೇಲೆ, "ಲೇ, ಸ್ವಲ್ಪ ನಿಲ್ಸು" ಎನ್ನುತ್ತಾರೆ. ನಾನು ಹೊಲಿಗೆ ನಿಲ್ಲಿಸುತ್ತೇನೆ. ಅವರು ಹಿಡಿಕೆ ತಿರುಗಿಸುತ್ತಾರೆ. ನಾನು ಕಿವಿಗೊಡುತ್ತೇನೆ. ನನಗೇನೂ ಕೇಳಿಸದಿದ್ದರೆ "ಹೂಂ" ಅನ್ನುತ್ತೇನೆ, ರೀಲು ಮನೆಗೆ ಹೋಗಬಹುದು. ಏನಾದರೂ ಕೇಳಿಸಿದರೆ ಆ ಬಡಪಾಯಿಯ ಹೊಟ್ಟೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕೋಪ ಬಂದ ದಿನ ಏನೂ ಕೇಳಿಸದಿದ್ದರೂ "ಊಹೂಂ" ಅಂದದ್ದುಂಟು.

ಲಾಂಚಜ್ಜ ತಮ್ಮ ರೀಲು ತಂದದ್ದು ಇಂಥ ಮನುಷ್ಯನ ಹತ್ತಿರ.

ಹೊಳೆ ಸಮುದ್ರಕ್ಕೆ ಸೇರುವ ಕಡೆ ಈ ದಡದವರನ್ನು ಆ ದಡಕ್ಕೆ ದಾಟಿಸುವ ಲಾಂಚನ್ನು ಜೀವಮಾನವಿಡೀ ನಡೆಸಿದವರು ಅವರು. ಲಾಂಚು ಬಿಟ್ಟ ಮೇಲೂ ನೀರು ಬಿಡಲಿಲ್ಲ. ದಿನಾ ಮಧ್ಯಾಹ್ನ ಊಟವಾಗಿ ಒಂದು ಗಳಿಗೆ ಅಡ್ಡಾದರೆ ಆಯಿತು, ಕೋಲು ಹೆಗಲಿಗೇರಿಸಿ ಕಲ್ಲುಕಟ್ಟೆಗೆ ಹೊರಡುವುದು. ನೀರಿನೊಳಕ್ಕೆ ಉದ್ದಕ್ಕೆ ಚಾಚಿಕೊಂಡ ಅಗಲವಾದ ಕಟ್ಟೆ ಅದು, ಎರಡೂ ಪಕ್ಕ ಆಳ, ತಡೆಗೋಡೆಯಿಲ್ಲ. ಜೊತೆಗೆ ಅಜ್ಜಿ, ಅಜ್ಜಿಯ ಜೊತೆಗೆ ಚಹಾ ತುಂಬಿದ ಫ್ಲಾಸ್ಕು. ಮೀನಿಗಿಂತ ಜಾಸ್ತಿ ಆ ಜೋಡಿಯನ್ನು ನೋಡಲೆಂದೇ ಕಟ್ಟೆಗೆ ಹೋಗುವವರಿದ್ದರು.

"ಹಿಡಿಕೆ ಸೀಳಿದೆ ನೋಡಪ್ಪಾ" ಎಂದು ಅಜ್ಜ ರೀಲನ್ನು ಮೇಜಿನ ಮೇಲಿಟ್ಟರು. ಹಿತ್ತಾಳೆಯ ದಪ್ಪ ರೀಲು, ಅಜ್ಜನಷ್ಟೇ ಗಟ್ಟಿಮುಟ್ಟು. "ಹಿಡಿಕೆ ಒಂದು ಹಾಕ್ಕೊಡು. ಒಳಗಿಂದೆಲ್ಲಾ ಸರಿಯಾಗಿದೆ, ಅದರ ತಂಟೆ ಬೇಡ."

ಇವರು ಸುಮ್ಮನೆ ಒಂದು ಸುತ್ತು ತಿರುಗಿಸಿದರು. ಕಟಕ್ ಎಂದಿತು. ಇನ್ನೊಂದು ಸುತ್ತು. ಮತ್ತೆ ಕಟಕ್. ಇವರ ಮುಖ ನೋಡಬೇಕಿತ್ತು. ಊಟದಲ್ಲಿ ಕಲ್ಲು ಸಿಕ್ಕಿದವರ ಮುಖ.

ಹಿಡಿಕೆಗೆ ಒಂದು ಗಂಟೆಯ ಕೆಲಸ. ಒಳ್ಳೆಯ ಮರದ ತುಂಡು ಆರಿಸಿ, ಕಡೆದು, ತಿಕ್ಕಿ, ಕೂರಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುಮ್ಮನಿರಲಾರದವರು ಇರುವೆ ಬಿಟ್ಟುಕೊಂಡರು ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ನೆಗಡಿ ಎಂದು ಹೋದರೆ ಹೊಟ್ಟೆ ಕೊಯ್ದು ನೋಡುವ ಡಾಕ್ಟರ ಹಾಗೆ ಇವರು ರೀಲಿನ ಪಕ್ಕದ ತಟ್ಟೆ ಬಿಚ್ಚಿದರು. ದೊಡ್ಡ ಗಿಯರಿನ ಒಂದು ಹಲ್ಲು ಅರ್ಧ ಮುರಿದಿತ್ತು. ಸುತ್ತಿಗೊಮ್ಮೆ ಆ ಮುರುಕು ಎದುರಿನ ಹಲ್ಲಿಗೆ ತಾಕಿ ಕಟಕ್ ಎನ್ನುತ್ತಿತ್ತು. ಮುರುಕನ್ನು ತೆಗೆದು, ಆ ಜಾಗದಲ್ಲಿ ಹಿತ್ತಾಳೆಯ ಚೂರನ್ನು ಬೆಸೆದು, ಸಣ್ಣ ಅರದಿಂದ ತೀಡಿ ತೀಡಿ, ಪಕ್ಕದ ಹಲ್ಲುಗಳೇ ನಾಚುವಂಥ ಹಲ್ಲು ಮಾಡಿದರು. ಎರಡು ದಿನ ಕಣ್ಣು ಕೆಂಪಾಗುವವರೆಗೆ ಕೂತಿದ್ದರು. ಅದಕ್ಕೆ ಬೇರೆ ಏನೂ ತೆಗೆದುಕೊಳ್ಳುವುದಿಲ್ಲವಂತೆ, ಅಜ್ಜನಿಗೆ ಕಾಣಿಕೆಯಂತೆ.

"ಲೇ, ಸ್ವಲ್ಪ ನಿಲ್ಸು."

ನಿಲ್ಲಿಸಿದೆ. ಅವರು ತಿರುಗಿಸಿದರು. ಬೀದಿಯ ಸೈಕಲ್ಲಿನ ಗಂಟೆ ಕೇಳಿಸಿತು, ಗೋಡೆಯಾಚೆಯ ಪಾತ್ರೆ ತೊಳೆಯುವ ಸದ್ದು ಕೇಳಿಸಿತು, ರೀಲು ಮಾತ್ರ ಕೇಳಿಸಲಿಲ್ಲ. "ಹೂಂ" ಎಂದೆ. ಕಾಣಿಕೆಯಲ್ಲಿ ನನ್ನ ಪಾಲೂ ಇರಲಿ ಎಂದು "ಭಾರೀ ಚೆನ್ನಾಗಾಗಿದೆ" ಎಂದೂ ಸೇರಿಸಿದೆ.

ಅಜ್ಜ ಬಂದು ಹೊಸ ಹಿಡಿಕೆ ಹಿಡಿದು ತಿರುಗಿಸಿದರು. ನಿಲ್ಲಿಸಿದರು. ಕಿವಿಯ ಹತ್ತಿರ ತಂದು ಮತ್ತೆ ತಿರುಗಿಸಿದರು.

"ಸದ್ದೇ ಇಲ್ವಲ್ಲಪ್ಪಾ" ಎಂದರು.

"ಇಲ್ಲ ಅಜ್ಜ! ಒಂದು ಚೂರೂ ಇಲ್ಲ!" ಇವರ ಮುಖ ಊರಗಲ.

"ಹೂಂ" ಎಂದರು ಅಜ್ಜ. ಸ್ವಲ್ಪ ಹೊತ್ತು ರೀಲನ್ನೇ ನೋಡಿದರು. "ಬಹಳ ಶ್ರಮ ತಗೊಂಡಿದೀಯ. ಒಳ್ಳೇ ಕೆಲಸ" ಎಂದು ಹೇಳಿ ನಿಧಾನಕ್ಕೆ ಹೋದರು. ಖುಷಿಗೆ ಮಾತು ಹೊರಡಲಿಲ್ಲ ಪಾಪ ಎಂದುಕೊಂಡೆವು ನಾವಿಬ್ಬರೂ.

ಆ ವಾರದಲ್ಲೇ ಒಂದು ಬೆಳಿಗ್ಗೆ ಅಜ್ಜಿ ಒಬ್ಬರೇ ಅಂಗಡಿಗೆ ಬಂದರು. ನಾನು ಮಶೀನಿನ ಕೆಳಗೆ ಬಿದ್ದ ಗುಂಡಿ ಹುಡುಕುತ್ತಾ ಕೂತಿದ್ದೆ. ಇವರು ಹಿಂಬದಿಯಲ್ಲಿ ಕೈ ತೊಳೆಯುತ್ತಿದ್ದರು. ಅಜ್ಜಿ ಬಾಗಿಲ ಚೌಕಟ್ಟನ್ನು ಸವರಿಕೊಂಡು ಒಳಗೆ ಬಂದು, ನಗುನಗುತ್ತಾ ಮಾತಾಡಿಸಿದರು.

"ಹೇಗಿದೀಯಮ್ಮಾ? ನೋಡಿ ಬಹಳ ದಿನ ಆಯ್ತು. ಸ್ವಲ್ಪ ಸಣ್ಣ ಆದ ಹಾಗಿದೆ."

ನಾನು ತಲೆಯೆತ್ತಿದೆ. ಅವರು ಮಾತಾಡುತ್ತಿದ್ದದ್ದು ಬೊಂಬೆಯ ಜೊತೆ. ಅದರ ಮೈಮೇಲೆ ನೀಲಿ ಕೋಟೊಂದಿತ್ತು. ಅಜ್ಜಿಯ ಕಣ್ಣು, ತಲೆಯಿಲ್ಲದ ಆ ಬೊಂಬೆಗೆ ತಲೆ ಇರಬೇಕಾದ ಜಾಗದಲ್ಲಿ ನೆಟ್ಟಿತ್ತು.

"ನಾನು ಇಲ್ಲಿದೀನಿ ಅಜ್ಜಿ" ಎಂದೆ, ಆದಷ್ಟು ಮೆಲ್ಲಗೆ.

ಅಜ್ಜಿ ನನ್ನ ದನಿ ಬಂದ ಕಡೆ ತಿರುಗಿದರು. ಮುಖದ ಮೇಲಿನ ನಗು ಸ್ವಲ್ಪ ಹೊತ್ತು ದಾರಿ ತಪ್ಪಿದಂತೆ ನಿಂತು, ಆಮೇಲೆ ಇಳಿಯಿತು. ನಾನು ಓಡಿ ಹೋಗಿ ಕೈ ಹಿಡಿದು ಕೂರಿಸಿದೆ.

"ಸಿಕ್ಕಿಬಿದ್ದೆ ನೋಡು" ಎಂದರು ಅಜ್ಜಿ. "ಹೋಗ್ಲಿ ಬಿಡು. ಹೇಗೂ ಹೇಳೋಕೇ ಬಂದಿದ್ದೆ. ನಿನ್ನ ಯಜಮಾನರನ್ನ ಕರಿ."

ಇವರು ಒದ್ದೆ ಕೈಯಲ್ಲೇ ಬಂದು ನಿಂತರು. ಅಜ್ಜಿ ಹೇಳಿದರು. ಮೊದಲು ನೋಟದ ಅಂಚು ಹೋಯಿತಂತೆ, ಆಮೇಲೆ ನಡು. ಈಗ ಬೆಳಕು ಯಾವ ಕಡೆಯಿದೆ ಎನ್ನುವುದಷ್ಟೇ ಗೊತ್ತಾಗುತ್ತದಂತೆ. ಮಗಳ ಜೊತೆ ಹೋಗಿ ತೋರಿಸಿಕೊಂಡು ಬಂದರಂತೆ, ಡಾಕ್ಟರು ಕೈಚೆಲ್ಲಿದರಂತೆ. ಮಗಳ ಬಾಯಿಗೂ ಬೀಗ ಹಾಕಿದ್ದಾರಂತೆ.

"ಅಜ್ಜನಿಗೆ?" ಎಂದೆ.

"ಗೊತ್ತಿಲ್ಲ. ಗೊತ್ತಾಗಲೂಬಾರದು."

"ಒಂದೇ ಮನೇಲಿದ್ದು ಗೊತ್ತಾಗ್ದೇ ಇರುತ್ತಾ ಅಜ್ಜಿ?"

"ಮನೆ ನನ್ನ ಕೈಗೆ ಗೊತ್ತು, ಬೀದಿ ಕಾಲಿಗೆ ಗೊತ್ತು, ಕಣ್ಣು ಯಾಕೆ ಬೇಕು? ಪೇಪರ್ ನೀವೇ ಓದಿ ಹೇಳಿ, ನನಗೆ ಕನ್ನಡಕ ಸರಿಹೋಗ್ತಿಲ್ಲ ಅಂತೀನಿ, ಓದ್ತಾರೆ. ಗಂಡಸರು ಕಣಮ್ಮಾ. ಮೂಗಿನ ಮೇಲಿರೋ ಕನ್ನಡಕಾನ ಮನೆಯೆಲ್ಲಾ ಹುಡುಕೋ ಜಾತಿ. ಅವರಿಗೇನು ತಿಳಿಯುತ್ತೆ?"

ಇಬ್ಬರೂ ನಕ್ಕೆವು. ನನ್ನ ಗಂಡ ನಗಲಿಲ್ಲ. ತಮ್ಮ ಹಣೆಯ ಮೇಲಿದ್ದ ಕನ್ನಡಕವನ್ನು ಮೆಲ್ಲಗೆ ತೆಗೆದು ಜೇಬಿಗಿಟ್ಟುಕೊಂಡರು.

"ಗೊತ್ತಾದ್ರೆ ಆ ಮನುಷ್ಯ ಕೋಲು ಮೂಲೆಗಿಟ್ಟು ನನ್ನ ಕಾಯ್ತಾ ಮನೇಲಿ ಕೂತ್ಬಿಡ್ತಾರೆ" ಎಂದರು ಅಜ್ಜಿ. "ನೀರು ತಪ್ಪಿದ್ರೆ ಅವರು ಒಣಗಿ ಹೋಗ್ತಾರಪ್ಪಾ. ನಾನು ನೋಡಿದೀನಿ, ಕಾಲು ಉಳುಕಿ ಒಂದು ವಾರ ಮನೇಲಿದ್ದಾಗ್ಲೇ ಅರ್ಧ ಆಗಿದ್ರು. ಅದಕ್ಕೇ ನಾನೂ ಜೊತೆಗೆ ಹೋಗ್ತೀನಿ, ಏನೂ ಆಗಿಲ್ಲ ಅನ್ನೋ ಹಾಗೆ. ಹೋಗುವಾಗ ತೋಳು ಹಿಡ್ಕೊಂಡಿರ್ತೀನಿ, ಅದೇನು ಹೊಸದಲ್ಲ. ಕಟ್ಟೆ ಮೇಲೆ ಅವರು ಮೀನು ಹಿಂದೆ ಆ ಕಡೆ ಈ ಕಡೆ ಓಡಾಡ್ತಾ ಇರ್ತಾರೆ. ಗಾಳಕ್ಕೆ ತಗಡಿನ ಮೀನು ಕಟ್ಟಿ ಬೀಸೋದು, ಎಳೆಯೋದು, ಬೀಸೋದು, ಎಳೆಯೋದು. ಎಳೆದಾಗೆಲ್ಲಾ ಕಟಕ್ ಕಟಕ್ ಅನ್ನುತ್ತೆ. ಅದನ್ನ ಕೇಳ್ಕೊಂಡು ಕೂತಿರ್ತೀನಿ. ಈಗ ಕೊನೇಲಿದಾರೆ, ಈಗ ಮೆಟ್ಟಿಲ ಹತ್ರ ಬಂದ್ರು, ಈಗ ಚಹಾ ಕೊಡೋಣ. ಸದ್ದು ಹಿಡ್ಕೊಂಡು ನೆಟ್ಟಗೆ ಅವರ ಹತ್ರ ನಡೆದು ಹೋಗ್ತೀನಿ. ಕಣ್ಣಿದ್ದೋರು ಕೂಡ ಅಷ್ಟು ನೆಟ್ಟಗೆ ನಡೆಯಲ್ಲ."

ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಕರೆ ಮಾಡಿದವರ ಉಸಿರು ಕೇಳಿಯೇ ಹೆಸರು ಹೇಳುತ್ತಿದ್ದರೆಂದು ಊರಲ್ಲಿ ಪ್ರಸಿದ್ಧಿ.

"ಮೊನ್ನೆ ರೀಲು ರಿಪೇರಿ ಆಗಿ ಬಂತು" ಎಂದು ಅಜ್ಜಿ ಮುಂದುವರಿಸಿದರು. ದನಿ ತಗ್ಗಿತು. "ಕಟ್ಟೆ ಮೇಲೆ ಕೂತೆ. ಏನೂ ಕೇಳಿಸ್ಲಿಲ್ಲ. ಅವರು ಬೀಸ್ತಾನೇ ಇಲ್ವೇನೋ ಅಂದ್ಕೊಂಡೆ. ಆಮೇಲೆ ಬಿದ್ದೇ ಹೋದ್ರೇನೋ ಅಂತ ಹೆದರಿಕೆ ಆಯ್ತು. ಎದ್ದು ಈ ಕಡೆ ಇರ್ಬೇಕು ಅಂತ ಹೊರಟೆ. ಅದು ನೀರಿನ ಕಡೆ. ಬಲೆ ಹೆಣೆಯೋ ಹುಡುಗಿ ಕೈ ಹಿಡಿದು ಎಳೆಯದಿದ್ರೆ ಇವತ್ತು ನಿಮ್ಮ ಮುಂದೆ ಕೂತಿರ್ತಿರ್ಲಿಲ್ಲ. ಅವರು ಕೇಳಿದ್ದಕ್ಕೆ, ನೀರು ನೋಡೋಕೆ ಹೋಗಿದ್ದೆ ಅಂದೆ."

ನನ್ನ ಗಂಡನ ಮುಖದಲ್ಲಿ ರಕ್ತವಿರಲಿಲ್ಲ. ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ ಕಾಣಿಕೆ ಇಂಥದ್ದು ಎಂದು ಗೊತ್ತಾದಾಗ ಮನುಷ್ಯ ಏನು ಮಾಡಬೇಕು? ನಾನೂ "ಹೂಂ" ಎಂದವಳೇ.

"ಅದನ್ನ ಮೊದಲಿನ ಹಾಗೆ ಕೆಡಿಸಿ ಕೊಡೋಕಾಗುತ್ತಾ ಮಗಾ?" ಎಂದರು ಅಜ್ಜಿ. "ಅವರಿಗೆ ಅನುಮಾನ ಬರಬಾರ್ದು. ತಾನಾಗೇ ಕೆಟ್ಟ ಹಾಗಿರ್ಬೇಕು."

ಇವರು "ಆಗುತ್ತೆ ಅಜ್ಜಿ" ಎಂದರು. ಹೇಳುವಾಗ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಿದ್ದರು.

ಅಜ್ಜಿಯನ್ನು ನಾನೇ ಮನೆಯ ತಿರುವಿನವರೆಗೆ ಬಿಟ್ಟು ಬಂದೆ. ಬಂದು ನೋಡಿದರೆ ಇವರು ಅಲ್ಲೇ ಕೂತಿದ್ದಾರೆ.

"ತಾನಾಗೇ ಕೆಡ್ತು ಅಂತ ಅಜ್ಜನಿಗೆ ನಾನು ಹೇಳ್ಬೇಕಲ್ಲೇ" ಎಂದರು. "ನನ್ನ ಕೆಲಸ ನಿಲ್ಲಲಿಲ್ಲ ಅಂತ."

"ಹೇಳ್ಬೇಕು."

"ಕಟ್ಟೆ ಮೇಲೆಲ್ಲಾ ಹೇಳ್ತಾರೆ ಅವರು. ರೀಲಣ್ಣನ ಬೆಸುಗೆ ಒಂದು ವಾರ ಬರಲಿಲ್ಲ ಅಂತ."

"ಹೇಳ್ಲಿ."

ನನ್ನ ದನಿ ಬಿರುಸಾಗಿತ್ತು, ಆದರೆ ಅವರ ಸಂಕಟ ನನಗೆ ಗೊತ್ತಿತ್ತು. ಈ ಮನುಷ್ಯನಿಗೆ ಇರುವ ಆಸ್ತಿಯೆಂದರೆ ಅದೊಂದೇ. ಇವರ ಕೈದಾಟಿದ ರೀಲು ವಾಪಸು ಬರುವುದಿಲ್ಲ ಎನ್ನುವ ಮಾತು. ಅದನ್ನು ತಾವೇ ತಮ್ಮ ಬಾಯಿಂದ ಅಳಿಸಬೇಕು, ಅದೂ ಸುಳ್ಳು ಹೇಳಿ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೊದಲು ರೀಲನ್ನು ತರಿಸಬೇಕಿತ್ತು. ಅಜ್ಜನಿಗೆ ಫೋನು ಮಾಡಿ ಒಂದು ವಾಷರ್ ಹಾಕುವುದು ಮರೆತಿದ್ದೆ ಎನ್ನಿ ಎಂದು ಹೇಳಿಕೊಟ್ಟೆ. ಇವರು ಫೋನು ಹಿಡಿದು, "ಅಜ್ಜ, ನಾನು... ಅದು... ವಾಷರ್..." ಎಂದು ಮೂರು ಮಾತಿಗೆ ನಿಂತರು. ಕಿವಿ ಕೆಂಪು ಕೆಂಪು. ನಾನು ಫೋನು ಕಸಿದುಕೊಂಡು, "ಇವರು ಒಂದು ವಾಷರ್ ಮರೆತಿದಾರಂತೆ ಅಜ್ಜ, ನಾಚಿಕೆ ಪಾಪ, ಸ್ವಲ್ಪ ತಂದು ಕೊಡ್ತೀರಾ?" ಎಂದೆ. ಹೆಂಡತಿಯಾದವಳು ಎಲ್ಲ ಕಸುಬೂ ಕಲಿತಿರಬೇಕಾಗುತ್ತದೆ.

ಅಜ್ಜ ಏನೂ ಕೇಳಲಿಲ್ಲ. ಫೋನಿಟ್ಟು ಚಪ್ಪಲಿ ಮೆಟ್ಟಿ ಹೊರಟರೇನೋ ಎನ್ನುವಷ್ಟು ಬೇಗ ಬಂದು ರೀಲು ಕೊಟ್ಟರು. ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದು, "ನಿಧಾನಕ್ಕೆ ಮಾಡು, ಅವಸರ ಇಲ್ಲ" ಎಂದಷ್ಟೇ ಹೇಳಿ ಹೋದರು.

ಮರುದಿನ ಬೆಳಿಗ್ಗೆ ಇವರು ರೀಲು ಬಿಚ್ಚಿದರು. ಗಿಯರನ್ನು ಅಲುಗದಂತೆ ಹಿಡಿಕಟ್ಟಿನಲ್ಲಿ ಬಿಗಿದರು. ಅರ ಎತ್ತಿಕೊಂಡರು. ಇಟ್ಟರು. ನೀರು ಕುಡಿದು ಬಂದರು. ಮತ್ತೆ ಎತ್ತಿಕೊಂಡರು.

"ಈ ಕೈಲಿ ಇದುವರೆಗೆ ಒಂದು ಹಲ್ಲೂ ಕೆಡಿಸಿಲ್ಲ ಕಣೇ."

"ನಿಮಗಾಗ್ದಿದ್ರೆ ಹೇಳಿ, ನಾನು ಸುತ್ತಿಗೆ ತಗೊಂಡು ಒಂದು ಕೊಡ್ತೀನಿ. ಒಂದೇ ಏಟು."

"ಹೇ ಹೇ, ಬೇಡ ಬೇಡ!" ಎಂದು ಗಾಬರಿಯಾಗಿ ಗಿಯರಿಗೆ ಎರಡೂ ಕೈ ಅಡ್ಡ ಹಿಡಿದರು. ಅದಾದ ಮೇಲೆ ಕೆಲಸ ಶುರುವಾಯಿತು.

ಕೆಡಿಸುವುದು ಸುಲಭವೆಂದು ನಾನಂದುಕೊಂಡಿದ್ದೆ. ಇವರು ಕೆಡಿಸುವುದನ್ನೂ ರಿಪೇರಿ ಮಾಡುವಷ್ಟೇ ಅಚ್ಚುಕಟ್ಟಾಗಿ ಮಾಡುವವರು ಎನ್ನುವುದು ಮರೆತುಹೋಗಿತ್ತು. ಹಲ್ಲು ಸದ್ದು ಮಾಡಬೇಕು, ಆದರೆ ಪಕ್ಕದ ಹಲ್ಲನ್ನು ತಿನ್ನಬಾರದು. ದೊಡ್ಡ ಮೀನು ಬಿದ್ದು ಜಗ್ಗಿದರೆ ಕಚ್ಚಿಕೊಳ್ಳಬಾರದು. ಅಜ್ಜನ ಕಾಲ ಮುಗಿಯುವವರೆಗೆ ದಿನಾ ಕಟಕ್ ಎನ್ನುತ್ತಲೇ ಇರಬೇಕು, ರೀಲು ಮಾತ್ರ ಹಾಳಾಗಬಾರದು. ಎರಡು ಸಲ ತೀಡುವುದು, ಬೆಳಕಿಗೆ ಹಿಡಿಯುವುದು, ಜೋಡಿಸುವುದು, ತಿರುಗಿಸುವುದು, ಬಿಚ್ಚುವುದು. ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳಲು ಈ ಸಲ ನನ್ನ ಕಿವಿ ಪ್ರಯೋಜನವಿರಲಿಲ್ಲ. ಆ ಸದ್ದನ್ನು ಬಲ್ಲವರು ಒಬ್ಬರೇ. ಅಂಗಿಯ ಅಳತೆ ಕೊಡುವ ನೆಪದಲ್ಲಿ ಅಜ್ಜಿಯನ್ನು ಕರೆತಂದೆ.

ಅಜ್ಜಿ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಕೈ ಕಟ್ಟಿ, ಪರೀಕ್ಷೆ ತೆಗೆದುಕೊಳ್ಳುವ ಮೇಷ್ಟರ ಹಾಗೆ "ಹೂಂ, ನಡೀಲಿ" ಎಂದರು.

ಟಿಕ್ ಎಂದಿತು ರೀಲು.

"ಇದು ಗೋಡೆ ಗಡಿಯಾರ."

ಇವರು ಬಿಚ್ಚಿ, ತೀಡಿ, ಜೋಡಿಸಿದರು. ಕರ್ರಕ್ ಎಂದಿತು.

"ಇದು ನಮ್ಮ ಮನೆ ಬಾಗಿಲು. ಇದರ ಹತ್ರ ನಡೆದು ಹೋದ್ರೆ ಅಡುಗೆಮನೆ ಸೇರ್ತೀನಿ."

ಮೂವರೂ ನಕ್ಕೆವು. ಮೊದಲ ಬಾರಿಗೆ ಇವರೂ ನಕ್ಕರು. ಮತ್ತೆ ಬಿಚ್ಚಿದರು. ಹೀಗೆ ಎಷ್ಟು ಸಲವೋ. ನನ್ನ ಮಶೀನಿನ ಕೆಲಸವೆಲ್ಲ ಹಾಗೇ ಬಿದ್ದಿತ್ತು, ನನಗೆ ಲಕ್ಷ್ಯವಿರಲಿಲ್ಲ. ಒಬ್ಬ ಮನುಷ್ಯ ಬೆವರು ಒರೆಸಿಕೊಳ್ಳುತ್ತಾ ಒಂದು ತಪ್ಪನ್ನು ಸರಿಯಾಗಿ ಮಾಡಲು ಹೆಣಗುವುದನ್ನು ನೋಡುತ್ತಾ ಕೂತೆ. ಇವರನ್ನು ಕಟ್ಟಿಕೊಂಡು ನಾನು ಏನು ಸುಖಪಟ್ಟೆ ಎಂದು ಹಲವು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ಇವರನ್ನೂ ಕೇಳಿದ್ದೇನೆ. ಆವತ್ತು ಕೇಳಬೇಕೆನಿಸಲಿಲ್ಲ.

ಕಟಕ್.

ಅಜ್ಜಿ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು. "ಇನ್ನೊಂದ್ಸಲ" ಎಂದರು. ಇವರು ತಿರುಗಿಸಿದರು. ಅಜ್ಜಿ ಇನ್ನೂ ಬಗ್ಗಿ, ಕಿವಿ ರೀಲಿಗೆ ತಾಗುವಷ್ಟು ಹತ್ತಿರ ತಂದರು. "ಇನ್ನೊಂದ್ಸಲ." ಕಟಕ್. ಕಟಕ್. ಅವರ ಮುಖ ನಿಧಾನಕ್ಕೆ ಅರಳಿತು. ಅಷ್ಟು ವಯಸ್ಸಾದವರ ಮುಖ ಹಾಗೆ ಅರಳುವುದನ್ನು ನಾನು ನೋಡಿರಲಿಲ್ಲ.

"ಇವರೇ" ಎಂದರು. "ಬಂದ್ರು."

ಇವರು ತಟ್ಟನೆ ಎದ್ದು ಕೈ ತೊಳೆಯಲು ಹಿಂಬದಿಗೆ ಹೋದರು. ಬಹಳ ಹೊತ್ತು ತೊಳೆದರು.

ಸಂಜೆ ಅಜ್ಜ ಬಂದರು. ಇವರು ರೀಲನ್ನು ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟು, ಅಜ್ಜನ ಮುಖ ನೋಡದೆ, ನಾನು ಬೆಳಗಿನಿಂದ ಹೇಳಿಸಿ ಹೇಳಿಸಿ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದರು.

"ಅಜ್ಜ, ನನ್ನ ಕೆಲಸ ನಿಲ್ಲಲಿಲ್ಲ. ವಾಷರ್ ಹಾಕೋಕೆ ಬಿಚ್ಚಿದ್ರೆ, ಬೆಸುಗೆ ಬಿಟ್ಟು ಹೋಗಿತ್ತು. ಹಲ್ಲು ಮತ್ತೆ ಹಾಳಾಗಿದೆ. ಮತ್ತೆ ಬೆಸೆದ್ರೆ ಗಿಯರೇ ಸೀಳುತ್ತೆ. ಹಾಗೇ ಇಟ್ಕೊಳ್ಳಿ. ನನ್ನದೇ ತಪ್ಪು."

ಕಿವಿಯ ಕೆಂಪು ಕತ್ತಿಗೂ ಇಳಿದಿತ್ತು. ಆದರೆ ಒಂದು ಕಡೆಯೂ ತಡವರಿಸಲಿಲ್ಲ. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. ಜೀವನದಲ್ಲಿ ಇವರು ಹೇಳಿದ ಒಂದೇ ಒಂದು ಗಟ್ಟಿ ಸುಳ್ಳಿಗೆ ನಾನು ಸಾಕ್ಷಿಯಾಗಿದ್ದೆ.

ಅಜ್ಜ ರೀಲು ಎತ್ತಿಕೊಂಡು ತಿರುಗಿಸಿದರು. ಕಟಕ್. ಮತ್ತೆ ತಿರುಗಿಸಿದರು. ಕಟಕ್. ಬಯ್ಯುತ್ತಾರೆ ಎಂದುಕೊಂಡೆ. ಅವರು ಸ್ಟೂಲು ಎಳೆದುಕೊಂಡು ಕೂತರು.

"ಇದನ್ನ ಕೇಳೋಕೆ ನಿನ್ನೇನೇ ಬಾಯಿ ತೆಗೆದಿದ್ದೆ" ಎಂದರು. "ಬಾಯಿ ಬರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದೋನ ಹತ್ರ ಕೆಡಿಸಿ ಕೊಡು ಅಂತ ಹೇಗಪ್ಪಾ ಕೇಳೋದು?"

"ಅವಳಿಗೆ ಕಣ್ಣು ಕಾಣಲ್ಲ" ಎಂದರು ಅಜ್ಜ. "ನನಗೆ ಗೊತ್ತು ಅನ್ನೋದು ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ನನಗೆ ಭಾರ ಆಗ್ಬಾರ್ದು ಅಂತ ಮನೇಲೇ ಕೂತ್ಬಿಡ್ತಾಳೆ. ಅವಳು ಬರ್ದೇ ಇದ್ರೆ ನನಗೆ ಯಾವ ನೀರು? ನನಗೇನು ಮೀನು ಬೇಕಾಗಿದೆಯಾ? ಬೀಸ್ತಾ ಇರ್ತೀನಿ ಅಷ್ಟೆ. ಅವಳಿಗೆ ಕೇಳಿಸ್ತಾ ಇರ್ಲಿ ಅಂತ."

ಅವರು ರೀಲನ್ನು ಮತ್ತೊಮ್ಮೆ ತಿರುಗಿಸಿ, ಸದ್ದು ಕೇಳಿ, ಸ್ವಲ್ಪ ಸಂಕೋಚದಿಂದ ನನ್ನ ಗಂಡನ ಕಡೆ ಚಾಚಿದರು.

"ಇದನ್ನ ಇನ್ನೂ ಒಂಚೂರು ಜೋರಾಗಿ ಬರೋ ಹಾಗೆ ಮಾಡೋಕಾಗುತ್ತಾ ಮಗಾ? ಅವಳಿಗೆ ಕಿವೀನೂ ಮಂದ ಆಗ್ತಾ ಬಂದಿದೆ. ಅದು ಅವಳಿಗೇ ಇನ್ನೂ ಗೊತ್ತಿಲ್ಲ."

ನನ್ನ ಗಂಡ ರೀಲನ್ನು ಕೈಗೆ ತೆಗೆದುಕೊಂಡು, ಮೇಜಿನ ಮೇಲೆ ಅರಕ್ಕಾಗಿ ತಡಕಾಡಿದರು. ಅದು ಅವರ ಮುಂದೆಯೇ ಇತ್ತು. ನಾನು ಎದ್ದು ಹೋಗಿ ಎತ್ತಿಕೊಟ್ಟೆ.